ಬಟ್ಟೆ ಡ್ರೈಯರ್ ಗಾಳಿ ಎಲ್ಲಿ ಸಿಕ್ಕಿಬಿತ್ತು? ಗೋಡೆಯ ವೆಂಟ್ ತೊಂದರೆ ಹುಡುಕುವ ಕೈಪಿಡಿ

ಡ್ರೈಯರ್ ಅಂದರೆ ಬಟ್ಟೆ ಬಿಸಿ ಮಾಡುವ ಡಬ್ಬಿ ಅಂತ ನಾವು ಅಂದುಕೊಂಡಿರುತ್ತೇವೆ. ನಿಜಕ್ಕೂ ಅದು ಗಾಳಿ ತಳ್ಳುವ ಯಂತ್ರ. ಕೋಣೆಯ ಗಾಳಿಯನ್ನು ಎಳೆದುಕೊಳ್ಳುತ್ತದೆ, ಬಿಸಿ ಮಾಡುತ್ತದೆ, ಒದ್ದೆ ಬಟ್ಟೆಯ ನಡುವೆ ನುಗ್ಗಿಸುತ್ತದೆ, ಆಮೇಲೆ ಗೋಡೆಯ ತೂತಿನಿಂದ ಹೊರಗೆ ಹಾಕುತ್ತದೆ. ಚೆನ್ನಾಗಿ ಸ್ಪಿನ್ ಆಗಿ ಬಂದ 5 ಕೆಜಿ ಬಟ್ಟೆಯಲ್ಲೂ 2ರಿಂದ 3 ಲೀಟರ್ ನೀರು ಉಳಿದಿರುತ್ತದೆ. ಅಷ್ಟೂ ನೀರು ಹಬೆಯಾಗಿ ಆ 4 ಇಂಚಿನ ಪೈಪಿನಲ್ಲೇ ಹೋಗಬೇಕು. ಹಾಗಾಗಿ ಗೋಡೆಯೊಳಗಿನ ಪೈಪು, ಹೊರಗಿನ ಮುಚ್ಚಳ, ಅಂದರೆ ವೆಂಟ್ ಅನ್ನುವುದೆಲ್ಲ ಯಂತ್ರದ ಅರ್ಧ ಭಾಗ ಇದ್ದ ಹಾಗೆ. ತೊಂದರೆ ಹೆಚ್ಚಾಗಿ ಇರುವುದು ಆ ಅರ್ಧದಲ್ಲೇ.

ಇದನ್ನು ನಾನು ಕಲಿತದ್ದು ದುಡ್ಡು ಕಳೆದುಕೊಂಡು. ಗೋಡೆ ಕೊರೆದು ವೆಂಟ್ ಹಾಕಿ ಕೆಲವು ತಿಂಗಳಾಗಿತ್ತು. ಒಂದು ಸುತ್ತಿನಲ್ಲಿ ಒಣಗುತ್ತಿದ್ದ ಬಟ್ಟೆಗೆ ಎರಡು ಸುತ್ತು ಬೇಕಾಗತೊಡಗಿತು. ಹೀಟರ್ ಹೋಯಿತು ಅಂತ ತೀರ್ಮಾನಿಸಿ ಹೊಸದನ್ನು ಹಾಕಿಸಿದೆ. ಏನೂ ಬದಲಾಗಲಿಲ್ಲ. ಆಮೇಲೆ ಟಾರ್ಚ್ ಹಿಡಿದು ಹೊರಗೆ ಹೋಗಿ ನೋಡಿದರೆ, ಹಕ್ಕಿ ಬರದಿರಲಿ ಅಂತ ನಾನೇ ಮುಚ್ಚಳಕ್ಕೆ ಕಟ್ಟಿದ್ದ ಸಣ್ಣ ಕಣ್ಣಿನ ಜಾಲರಿ ಕಂಬಳಿಯ ತುಂಡಿನ ಹಾಗೆ ಆಗಿಬಿಟ್ಟಿತ್ತು. ಬಟ್ಟೆಯಿಂದ ಉದುರುವ ಹತ್ತಿಯಂಥ ಜುಂಗು, ಮ್ಯಾನುಯಲ್‌ನಲ್ಲಿ ಲಿಂಟ್ ಅಂತ ಬರೆದಿರುತ್ತದಲ್ಲ, ಅದು ಪೂರ್ತಿ ಮೆತ್ತಿಕೊಂಡಿತ್ತು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಎಲ್ಲ ಡ್ರೈಯರ್‌ಗೂ ವೆಂಟ್ ಇರುವುದಿಲ್ಲ. ಕಂಡೆನ್ಸರ್ ಮತ್ತು ಹೀಟ್ ಪಂಪ್ ಮಾದರಿಗಳು ನೀರನ್ನು ಒಳಗೇ ಹಿಡಿದು ತೊಟ್ಟಿಗೋ ಡ್ರೈನ್ ಪೈಪಿಗೋ ಬಿಡುತ್ತವೆ. ಅವಕ್ಕೆ ಗೋಡೆ ಕೊರೆಯುವ ಕೆಲಸವೇ ಇಲ್ಲ. ಯಂತ್ರದ ಹಿಂಭಾಗದಲ್ಲಿ 4 ಇಂಚಿನ ದುಂಡು ಬಾಯಿ ಇದ್ದರೆ ಮಾತ್ರ ಮುಂದೆ ಓದಿ.

ಇವುಗಳಲ್ಲಿ ಒಂದಿದ್ದರೂ ಮೊದಲು ನಿಲ್ಲಿಸಿ

ಹೊಗೆ ಅಥವಾ ಸುಟ್ಟ ವಾಸನೆ ಬಂದರೆ ಯಂತ್ರ ಆಫ್ ಮಾಡಿ, ಕರೆಂಟ್ ತೆಗೆಯಿರಿ. ಬೆಂಕಿ ಕಂಡರೆ ಡ್ರೈಯರ್‌ನ ಬಾಗಿಲು ತೆರೆಯಲೇಬೇಡಿ. ತೆರೆದರೆ ಅದಕ್ಕೆ ಹೊಸ ಗಾಳಿ ಕೊಟ್ಟ ಹಾಗೆ ಆಗುತ್ತದೆ. ಎಲ್ಲರೂ ಹೊರಗೆ ಬಂದು ಅಗ್ನಿಶಾಮಕ ದಳಕ್ಕೆ ಫೋನ್ ಮಾಡಿ.

ಪ್ಲಗ್ ಅಥವಾ ಸಾಕೆಟ್ ಕಂದು ಬಣ್ಣಕ್ಕೆ ತಿರುಗಿದ್ದರೆ, ಮುಟ್ಟಿದರೆ ಸುಡುವಂತಿದ್ದರೆ ಅದು ಎಲೆಕ್ಟ್ರಿಷಿಯನ್ ಕೆಲಸ.

ಗ್ಯಾಸ್‌ನಲ್ಲಿ ಓಡುವ ಡ್ರೈಯರ್ ಇದ್ದರೆ ಇನ್ನೂ ಎಚ್ಚರ ಬೇಕು. ಗ್ಯಾಸ್ ವಾಸನೆ ಬಂದರೆ ಸ್ವಿಚ್ ಹಾಕುವುದೂ ಬೇಡ, ಆಫ್ ಮಾಡುವುದೂ ಬೇಡ, ಸುಮ್ನೆ ಹೊರಗೆ ಬಂದು ಅಲ್ಲಿಂದ ಫೋನ್ ಮಾಡಿ. ಡ್ರೈಯರ್ ಓಡುವಾಗ ಮನೆಯವರಿಗೆ ತಲೆನೋವು, ತಲೆಸುತ್ತು, ವಾಕರಿಕೆ ಬರುತ್ತಿದ್ದರೆ ಅದು ಕಾರ್ಬನ್ ಮಾನಾಕ್ಸೈಡ್ ಇರಬಹುದು. ಅದಕ್ಕೆ ವಾಸನೆ ಇಲ್ಲ, ಬಣ್ಣವೂ ಇಲ್ಲ. ಹೊರಗೆ ಬನ್ನಿ, ಸಹಾಯ ಕರೆಯಿರಿ. ವೆಂಟ್ ಪರೀಕ್ಷೆ ಆಮೇಲೆ ಮಾಡಿದರಾಯಿತು.

ಪೈಪಿಗೆ ಕೈ ಹಾಕುವ ಮುಂಚೆ ಪ್ರತಿ ಸಲವೂ ಪ್ಲಗ್ ತೆಗೆದಿರಬೇಕು. ದಪ್ಪ ಕೈಗವಸು ಹಾಕಿಕೊಳ್ಳಿ. ತಗಡಿನ ಪೈಪಿನ ಅಂಚು ಚಾಕುವಿಗಿಂತ ಕಡಿಮೆ ಏನಲ್ಲ.

ಬಟ್ಟೆ ಒಣಗುವುದೇ ಇಲ್ಲ, ಎರಡೆರಡು ಸುತ್ತು ಬೇಕು

ಎಲ್ಲಕ್ಕಿಂತ ಜಾಸ್ತಿ ಬರುವ ದೂರು ಇದು. ಗಾಳಿ ಹೋಗುವ ದಾರಿಯನ್ನೇ ಹಿಡಿದುಕೊಂಡು ಹೋದರೆ ಕಾರಣ ಸಿಗುತ್ತದೆ.

ಮೊದಲು ಫಿಲ್ಟರ್. ಪ್ರತಿ ಸಲ ಜುಂಗು ತೆಗೆಯುತ್ತೇನಲ್ಲ ಅಂತ ನೀವು ಹೇಳಬಹುದು. ಆದರೂ ಒಮ್ಮೆ ಅದನ್ನು ನಲ್ಲಿಯ ಕೆಳಗೆ ಹಿಡಿಯಿರಿ. ನೀರು ಜಾಲರಿಯ ಮೂಲಕ ಸಲೀಸಾಗಿ ಇಳಿದರೆ ಸರಿ. ತಟ್ಟೆಯಲ್ಲಿ ನಿಂತ ಹಾಗೆ ನಿಂತರೆ, ಕಣ್ಣಿಗೆ ಕಾಣದ ಮೇಣದಂಥ ಪದರ ಕೂತಿದೆ ಎಂದರ್ಥ. ಬಟ್ಟೆ ಮೆತ್ತಗಾಗಲಿ ಅಂತ ಡ್ರೈಯರ್ ಒಳಗೆ ಹಾಕುವ ಶೀಟ್‌ಗಳಿಂದ ಅದು ಬರುತ್ತದೆ. ಬಿಸಿನೀರು, ಪಾತ್ರೆ ತೊಳೆಯುವ ಸೋಪು, ಮೆದು ಬ್ರಷ್ ಹಾಕಿ ಉಜ್ಜಿ. ಪೂರ್ತಿ ಒಣಗಿದ ಮೇಲೆ ವಾಪಸ್ ಹಾಕಿ.

ಆಮೇಲೆ ಹೊರಗೆ ಹೋಗಿ. ಇದನ್ನು ಬಹಳ ಜನ ಕೊನೆಗೆ ಇಟ್ಟುಕೊಳ್ಳುತ್ತಾರೆ, ನನ್ನ ಹಾಗೆ. ಯಂತ್ರ ಓಡುತ್ತಿರುವಾಗ ಗೋಡೆಯ ಹೊರಗಿನ ಮುಚ್ಚಳದ ಮುಂದೆ ಕೈ ಹಿಡಿಯಿರಿ. ಬಿಸಿಯಾದ, ಒದ್ದೆಯಾದ ಗಾಳಿ ಜೋರಾಗಿ ಕೈಗೆ ಬಡಿಯಬೇಕು. ಫ್ಲ್ಯಾಪ್, ಅಂದರೆ ಮುಚ್ಚಳದ ತೂಗಾಡುವ ಎಲೆ, ಚೆನ್ನಾಗಿ ಮೇಲೆದ್ದು ನಿಂತಿರಬೇಕು. ಅರ್ಧಂಬರ್ಧ ಎದ್ದು ಅಲ್ಲಾಡುತ್ತಿದ್ದರೆ ಗಾಳಿ ಸಾಲುತ್ತಿಲ್ಲ. ಏಳದೇ ಇದ್ದರೆ ಬೆರಳಿನಿಂದ ಎತ್ತಿ ನೋಡಿ. ಗೋಡೆಗೆ ಬಣ್ಣ ಹೊಡೆದಾಗ ಫ್ಲ್ಯಾಪ್ ಅಂಟಿಕೊಂಡಿರಬಹುದು. ಕೀಲಿನಲ್ಲಿ ಜುಂಗು ಸಿಕ್ಕಿರಬಹುದು. ಹಕ್ಕಿ ಗೂಡು ಕಟ್ಟಿರಬಹುದು. ಗೂಡಿನಲ್ಲಿ ಮೊಟ್ಟೆಯೋ ಮರಿಯೋ ಇದ್ದರೆ ಅವು ಹಾರಿಹೋಗುವ ತನಕ ಡ್ರೈಯರ್ ಹಾಕಬೇಡಿ. ಬೇರೆ ದಾರಿ ಇಲ್ಲ.

ಮುಚ್ಚಳಕ್ಕೆ ಜಾಲರಿ ಇದ್ದರೆ ಕಿತ್ತುಹಾಕಿ. ಡ್ರೈಯರ್ ವೆಂಟ್‌ಗೆ ಜಾಲರಿ ಹಾಕಬಾರದು ಎನ್ನುವುದಕ್ಕೆ ನನ್ನ ಕಂಬಳಿ ತುಂಡೇ ಸಾಕ್ಷಿ. ಹಕ್ಕಿ ತಡೆಯಲು ತಾನಾಗಿ ಮುಚ್ಚಿಕೊಳ್ಳುವ ಫ್ಲ್ಯಾಪ್ ಸಾಕು.

ಇಲ್ಲಿಗೆ ಒಂದು ಪೈಸೆಯೂ ಖರ್ಚಾಗಿಲ್ಲ. ಇನ್ನೊಂದು ಬಿಟ್ಟಿ ಪರೀಕ್ಷೆ ಉಳಿದಿದೆ. ಡ್ರೈಯರ್ ಇರುವ ಕೋಣೆಯ ಬಾಗಿಲು ಮುಚ್ಚಿ ಒಮ್ಮೆ, ತೆರೆದು ಒಮ್ಮೆ ಹೊರಗಿನ ಗಾಳಿ ನೋಡಿ. ತೆರೆದಾಗ ಫ್ಲ್ಯಾಪ್ ಜಾಸ್ತಿ ಎದ್ದರೆ ಪೈಪಿನಲ್ಲಿ ತೊಂದರೆಯಿಲ್ಲ, ಕೋಣೆಗೇ ಉಸಿರು ಕಟ್ಟಿದೆ. ಹೊರಗೆ ಹೋಗುವಷ್ಟೇ ಗಾಳಿ ಒಳಗೆ ಬರಬೇಕಲ್ವಾ? ಬೀರುವಿನಷ್ಟು ಚಿಕ್ಕ ಜಾಗದಲ್ಲಿ ಯಂತ್ರ ಇಟ್ಟರೆ ಬಾಗಿಲಿಗೆ ಗಾಳಿಕಿಂಡಿ ಬೇಕೇ ಬೇಕು. ಅಮೆರಿಕದ ವಸತಿ ಕಟ್ಟಡ ನಿಯಮ ಇಂಥ ಜಾಗಕ್ಕೆ ಕಡಿಮೆ ಅಂದರೂ 100 ಚದರ ಇಂಚಿನ ಕಿಂಡಿ ಕೇಳುತ್ತದೆ.

ಇಷ್ಟಾದರೂ ಸರಿಹೋಗದಿದ್ದರೆ ಯಂತ್ರವನ್ನು ಮುಂದಕ್ಕೆ ಎಳೆಯಿರಿ. ಗ್ಯಾಸ್ ಡ್ರೈಯರ್ ಆದರೆ ನಿಧಾನಕ್ಕೆ, ಗ್ಯಾಸ್ ಕೊಳವೆ ಜಗ್ಗದ ಹಾಗೆ. ಯಂತ್ರದ ಬಾಯಿಗೂ ಗೋಡೆಯ ಪೈಪಿಗೂ ನಡುವೆ ಬಾಗುವ ಹೋಸ್ ಇರುತ್ತದೆ. ಕೆಲಸ ಕೆಡುವುದು ಹೆಚ್ಚಾಗಿ ಅಲ್ಲೇ. ವೆಂಟ್ ಹಾಕಿದ ದಿನ ಎಲ್ಲ ಚೆನ್ನಾಗಿರುತ್ತದೆ. ಕೊನೆಗೆ ಯಂತ್ರವನ್ನು ಗೋಡೆಗೆ ಒತ್ತಿ ತಳ್ಳುತ್ತೇವೆ ನೋಡಿ, ಆಗ ಹಿಂದೆ ಹೋಸ್ ಚಪ್ಪಟೆಯಾಗುತ್ತದೆ. ನಮಗೆ ಕಾಣುವುದಿಲ್ಲ. ಅಗತ್ಯಕ್ಕಿಂತ ಉದ್ದದ ಹೋಸ್ ಆದರೆ ಹಾವಿನ ಹಾಗೆ ಸುತ್ತಿಕೊಂಡು ಪ್ರತಿ ಮಡಿಕೆಯಲ್ಲೂ ಜುಂಗು ಹಿಡಿಯುತ್ತದೆ.

ಪ್ಲಾಸ್ಟಿಕ್ ಹೋಸ್ ಇದ್ದರೆ ಅದು ಚೆನ್ನಾಗಿ ಕಂಡರೂ ಇವತ್ತೇ ತೆಗೆಯಿರಿ. ಬೆಂಕಿ ಬಿದ್ದರೆ ಅದೇ ಮೊದಲು ಉರಿಯುತ್ತದೆ. ತೆಳ್ಳನೆ ಹಾಳೆಯಂಥ ಫಾಯಿಲ್ ಹೋಸ್ ಕೂಡ ನನಗೆ ಇಷ್ಟವಿಲ್ಲ, ಕೈ ತಾಗಿದರೆ ನೆಗ್ಗುತ್ತದೆ. ಅರೆಗಟ್ಟಿ ಅಲ್ಯೂಮಿನಿಯಂ ಹೋಸ್ ತರಿಸಿ, ಬೇಕಾದಷ್ಟೇ ಉದ್ದಕ್ಕೆ ಕತ್ತರಿಸಿ ಹಾಕಿ. ಏನೇ ಆದರೂ 8 ಅಡಿ ಮೀರಬಾರದು. ಎರಡು ತುಂಡು ಜೋಡಿಸಬಾರದು. ಗೋಡೆಯೊಳಗೆ ಹೂಳಲೂಬಾರದು. ಯಂತ್ರದ ಹಿಂದೆ ಜಾಗವೇ ಇಲ್ಲ ಎನ್ನುವವರಿಗೆ ಪೆರಿಸ್ಕೋಪ್ ಡಕ್ಟ್ ಅನ್ನುವ ಚಪ್ಪಟೆ ಲೋಹದ ಪೈಪು ಸಿಗುತ್ತದೆ. ಹಿಂದೆ ಕೆಲವೇ ಇಂಚು ಇದ್ದರೂ ಅದು ಕೂರುತ್ತದೆ.

ದೋಷ ಯಂತ್ರದ್ದೋ ಪೈಪಿನದ್ದೋ: 10 ನಿಮಿಷದ ಪರೀಕ್ಷೆ

ಇದು ಕರೆಂಟ್ ಡ್ರೈಯರ್‌ಗೆ ಮಾತ್ರ. ಗ್ಯಾಸ್ ಡ್ರೈಯರ್‌ನಲ್ಲಿ ಒಂದೇ ಒಂದು ನಿಮಿಷಕ್ಕೂ ಮಾಡಬೇಡಿ. ಉರಿಯ ಹೊಗೆ ನೇರ ಮನೆಯೊಳಗೆ ಬರುತ್ತದೆ.

ಹೋಸನ್ನು ಯಂತ್ರದ ಬಾಯಿಂದ ಬಿಚ್ಚಿ ಪಕ್ಕಕ್ಕಿಡಿ. ಕಿಟಕಿ ತೆರೆಯಿರಿ. ಒಂದಷ್ಟು ಒದ್ದೆ ಬಟ್ಟೆ ಹಾಕಿ 10 ನಿಮಿಷ ಓಡಿಸಿ, ಯಂತ್ರದ ಬಾಯಿಂದ ಬರುವ ಗಾಳಿ ನೋಡಿ. ಅಲ್ಲೇ ನಿಂತಿರಿ, ಬಿಟ್ಟು ಹೋಗಬೇಡಿ. ಗಾಳಿ ರಭಸವಾಗಿ ಬಂದು, ಹೊರಗಿನ ಮುಚ್ಚಳದಲ್ಲಿ ಮಾತ್ರ ಮಂದವಾಗಿದ್ದರೆ ತಪ್ಪು ಪೈಪಿನದ್ದು. ಯಂತ್ರದ ಬಾಯಲ್ಲೇ ಗಾಳಿ ಸೋತಿದ್ದರೆ ಒಳಗಿನ ಫ್ಯಾನ್‌ಗೆ ಅಥವಾ ಅದರ ಗೂಡಿಗೆ ಜುಂಗು ಕಟ್ಟಿರಬೇಕು. ಗಾಳಿ ಜೋರಾಗಿದ್ದೂ ತಣ್ಣಗಿದ್ದರೆ ಹೀಟರ್ ಅಥವಾ ಫ್ಯೂಸ್ ಕಡೆ ನೋಡಬೇಕು. ನಾನು ಹೀಟರ್ ಬದಲಿಸುವ ಮುಂಚೆ ಈ ಪರೀಕ್ಷೆ ಮಾಡಿದ್ದರೆ ಅಷ್ಟು ದುಡ್ಡು ಉಳಿಯುತ್ತಿತ್ತು.

ಪೈಪು ಅಂತ ಗೊತ್ತಾದ ಮೇಲೆ ತೊಳೆತದ ಕೆಲಸ. ನೀರಿನಲ್ಲಲ್ಲ, ಬ್ರಷ್‌ನಲ್ಲಿ. ಉದ್ದನೆ ಬಾಗುವ ಕೋಲುಗಳನ್ನು ಒಂದಕ್ಕೊಂದು ತಿರುಗಿಸಿ ಜೋಡಿಸುವ ಡ್ರೈಯರ್ ಬ್ರಷ್ ಸೆಟ್ ಸಿಗುತ್ತದೆ. ಕೆಲವನ್ನು ಡ್ರಿಲ್‌ಗೆ ಸಿಕ್ಕಿಸಬಹುದು. ಹಾಗೆ ಸಿಕ್ಕಿಸಿದರೆ ಕೋಲುಗಳು ಬಿಗಿಯಾಗುವ ದಿಕ್ಕಿಗೇ ತಿರುಗಿಸಿ. ಮರೆತು ಉಲ್ಟಾ ತಿರುಗಿಸಿದಿರೋ, ಕೋಲು ಬಿಚ್ಚಿಕೊಂಡು ಬ್ರಷ್ ಗೋಡೆಯೊಳಗೇ ಉಳಿದುಹೋಗುತ್ತದೆ. ಫಾಯಿಲ್ ಹೋಸ್‌ಗೆ ಡ್ರಿಲ್ ಹಾಕಿದರೆ ಹರಿಯುತ್ತದೆ, ಅದನ್ನು ಬದಲಿಸುವುದೇ ಸುಲಭ. ಬ್ರಷ್ ಆದ ಮೇಲೆ ಪೈಪ್ ಜೋಡಿಸಿ, ಬಟ್ಟೆ ಇಲ್ಲದೆ ಬರೀ ಗಾಳಿಯಲ್ಲಿ ಸ್ವಲ್ಪ ಹೊತ್ತು ಓಡಿಸಿ. ಉಳಿದ ಜುಂಗು ಹೊರಗೆ ಹಾರುತ್ತದೆ. ಗಾಳಿ ಎದುರಿಗೆ ನಿಲ್ಲಬೇಡಿ ಅಷ್ಟೇ. ವರ್ಷಕ್ಕೊಮ್ಮೆ ಮಾಡಿದರೆ ಸಾಮಾನ್ಯ ಮನೆಗೆ ಸಾಕು.

ತೊಳೆದ ಪೈಪೇ ಮತ್ತೆ ಮತ್ತೆ ಕಟ್ಟುತ್ತಿದ್ದರೆ ಉದ್ದ ಲೆಕ್ಕ ಹಾಕಿ. ನಿಮ್ಮ ಯಂತ್ರದ ಮ್ಯಾನುಯಲ್‌ನಲ್ಲಿ ಇಷ್ಟು ಅಡಿ ಅಂತ ಬರೆದಿದ್ದರೆ ಅದೇ ಕೊನೆಯ ಮಾತು. ಇಲ್ಲದಿದ್ದರೆ ಅಮೆರಿಕದ ನಿಯಮದ ಲೆಕ್ಕ ಒಳ್ಳೆಯ ಅಳತೆಗೋಲು: 4 ಇಂಚಿನ ಲೋಹದ ಪೈಪು ಒಟ್ಟು 35 ಅಡಿ ಮೀರಬಾರದು. ಪ್ರತಿ 90 ಡಿಗ್ರಿ ಎಲ್ಬೋಗೆ, ಅಂದರೆ ತಿರುವಿನ ತುಂಡಿಗೆ, 5 ಅಡಿ ಕಳೆಯಬೇಕು, 45 ಡಿಗ್ರಿಯದಕ್ಕೆ 2.5 ಅಡಿ. ನಿಮ್ಮ ನೇರ ಪೈಪು 18 ಅಡಿ, ಎಲ್ಬೋ 2 ಅಂತಿಟ್ಟುಕೊಳ್ಳಿ. 35ರಲ್ಲಿ 10 ಹೋದರೆ 25 ಉಳಿಯಿತು, 18 ಆರಾಮಾಗಿ ಕೂರುತ್ತದೆ. ಅದೇ 18 ಅಡಿಗೆ 4 ಎಲ್ಬೋ ಹಾಕಿದ್ದರೆ ಉಳಿಯುವುದು 15. ಈಗ ಅದೇ ಪೈಪು ಉದ್ದ ಜಾಸ್ತಿ ಆಯಿತು. ಜನ ಅಡಿ ಎಣಿಸುತ್ತಾರೆ, ತಿರುವು ಎಣಿಸುವುದಿಲ್ಲ. ಯಂತ್ರದ ಬೆನ್ನಿಗೆ ಒಂದು ತಿರುವು, ಗೋಡೆಯ ಹತ್ತಿರ ಒಂದು, ತೊಲೆ ತಪ್ಪಿಸಲು ಇನ್ನೆರಡು, ಹೀಗೆ ಗಾಳಿ ದಾರಿಯಲ್ಲೇ ಸುಸ್ತಾಗುತ್ತದೆ.

ಪೈಪಿನ ಉದ್ದ ಕಡಿಮೆ ಮಾಡಲು ಆಗುವುದೇ ಇಲ್ಲ ಅಂದರೆ ನಡುದಾರಿಯಲ್ಲಿ ಗಾಳಿಯನ್ನು ತಳ್ಳುವ ಬೂಸ್ಟರ್ ಫ್ಯಾನ್ ಉಂಟು. ಆದರೆ ಡ್ರೈಯರ್‌ಗಾಗಿಯೇ ಮಾಡಿದ್ದೇ ಆಗಬೇಕು. ಬಚ್ಚಲಮನೆಗೆ ಹಾಕುವ ಸಾಮಾನ್ಯ ಎಗ್ಸಾಸ್ಟ್ ಫ್ಯಾನ್ ಪೈಪಿಗೆ ಸಿಕ್ಕಿಸಿದರೆ ಅದರ ರೆಕ್ಕೆಗೂ ಮೋಟಾರಿಗೂ ಜುಂಗು ಸುತ್ತಿ ಹೊಸ ಅಪಾಯ ಆಗುತ್ತದೆ.

ಆಟೋ ಮೋಡ್‌ನಲ್ಲಿ ಮಾತ್ರ ಬೇಗ ನಿಲ್ಲುತ್ತದೆ

ಟೈಮರ್ ಇಟ್ಟರೆ ಚೆನ್ನಾಗಿ ಒಣಗುತ್ತದೆ, ಆಟೋದಲ್ಲಿ ಹಾಕಿದರೆ ಒದ್ದೆಯಾಗಿದ್ದಾಗಲೇ ನಿಲ್ಲುತ್ತದೆ ಅಂದರೆ ವೆಂಟ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಡ್ರಮ್ ಬಾಯಿಯ ಹತ್ತಿರ ಎರಡು ಲೋಹದ ಪಟ್ಟಿಗಳಿರುತ್ತವೆ. ಒದ್ದೆ ಬಟ್ಟೆ ತಾಗಿದಾಗ ಅವು ತೇವ ತಿಳಿಯುತ್ತವೆ. ಅದೇ ಮೇಣದ ಪದರ ಅವುಗಳ ಮೇಲೂ ಕೂತಿರುತ್ತದೆ. ಯಂತ್ರ ತಣ್ಣಗಿದ್ದಾಗ, ಪ್ಲಗ್ ತೆಗೆದು, ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ಒರೆಸಿ. ಸ್ಪಿರಿಟ್ ಪೂರ್ತಿ ಆರಿದ ಮೇಲೆ ಹಾಕಿ. ಅಷ್ಟೇ.

ಡ್ರಮ್ ತಿರುಗುತ್ತದೆ, ಬಿಸಿಯೇ ಇಲ್ಲ

ಮೊದಲು ಮೋಡ್ ನೋಡಿ. ತಣ್ಣನೆ ಗಾಳಿಯ ಬಟನ್ ಒತ್ತಿಬಿಟ್ಟಿರುತ್ತೇವೆ, ನಗಬೇಡಿ, ಆಗುತ್ತದೆ. ಆಮೇಲೆ ಬ್ರೇಕರ್. ಎರಡು ಲೈನ್ ಬರುವ 240 ವೋಲ್ಟ್ ವ್ಯವಸ್ಥೆಯಲ್ಲಿ ಒಂದು ಲೈನ್ ಹೋದರೂ ಮೋಟಾರ್ ಓಡುತ್ತಲೇ ಇರಬಹುದು, ಹೀಟರ್ ಮಾತ್ರ ಸಾಯುತ್ತದೆ. ಬ್ರೇಕರ್ ಪೂರ್ತಿ ಆಫ್ ಮಾಡಿ ಒಮ್ಮೆ ಆನ್ ಮಾಡಿ. ಮತ್ತೆ ಬಿದ್ದರೆ ಪದೇ ಪದೇ ಎತ್ತಬೇಡಿ, ಎಲೆಕ್ಟ್ರಿಷಿಯನ್ ಕರೆಸಿ.

ಇವೆರಡೂ ಸರಿ ಇದ್ದರೆ ಥರ್ಮಲ್ ಫ್ಯೂಸ್ ಮೇಲೆ ಅನುಮಾನ. ಯಂತ್ರ ಅತಿಯಾಗಿ ಕಾದರೆ ತಾನೇ ಕಡಿದುಹೋಗುವ ಚಿಕ್ಕ ಭಾಗ ಅದು. ಒಂದೇ ಸಲ ಕೆಲಸಕ್ಕೆ ಬರುತ್ತದೆ, ರೀಸೆಟ್ ಇಲ್ಲ. ಕೆಲವು ಮಾದರಿಯಲ್ಲಿ ಅದು ಹೋದರೆ ಬಿಸಿ ಮಾತ್ರ ನಿಲ್ಲುತ್ತದೆ, ಕೆಲವದರಲ್ಲಿ ಇಡೀ ಯಂತ್ರವೇ ಅಲ್ಲಾಡುವುದಿಲ್ಲ. ಮೆಕ್ಯಾನಿಕ್ ಹತ್ತು ನಿಮಿಷದಲ್ಲಿ ಹೊಸ ಫ್ಯೂಸ್ ಹಾಕಿ ಹೋಗಬಹುದು. ಆದರೆ ಫ್ಯೂಸ್ ಯಾಕೆ ಹೋಯಿತು ಅಂತ ಅವರನ್ನು ಕೇಳಿ. ಪೈಪು ಕಟ್ಟಿ ಬಿಸಿ ಗಾಳಿ ಒಳಗೇ ನಿಂತಿದ್ದರಿಂದ ಹೋಗಿದ್ದರೆ, ಹೊಸದೂ ಕೆಲವೇ ದಿನದಲ್ಲಿ ಹೋಗುತ್ತದೆ. ಫ್ಯೂಸ್‌ಗೆ ಅಡ್ಡದಾರಿಯಲ್ಲಿ ತಂತಿ ಹಾಕಿ ಓಡಿಸುತ್ತೇನೆ ಅನ್ನುವ ಮೆಕ್ಯಾನಿಕ್‌ನನ್ನು ಚಹಾ ಕೊಡದೆ ಕಳಿಸಿ. ಬೆಂಕಿಗೂ ನಿಮಗೂ ನಡುವೆ ಇರುವ ತಡೆಯನ್ನೇ ಅವನು ತೆಗೆಯುತ್ತಿದ್ದಾನೆ.

ಓಡುತ್ತಾ ಓಡುತ್ತಾ ಅರ್ಧಕ್ಕೆ ನಿಂತು, ತಣ್ಣಗಾದ ಮೇಲೆ ಮತ್ತೆ ಶುರುವಾಗುವುದು ಇದರ ಮೊದಲ ಹಂತ. ಮೋಟಾರ್ ಅಥವಾ ಬಿಸಿಯನ್ನು ಹತೋಟಿಯಲ್ಲಿಡುವ ಥರ್ಮೋಸ್ಟಾಟ್ ಬಿಸಿಗೆ ಬೆದರಿ ಬಿಡುವು ಕೇಳುತ್ತಿದೆ. ಗಾಳಿ ದಾರಿ ತೆರೆದುಕೊಟ್ಟರೆ ಎಷ್ಟೋ ಸಲ ಅಲ್ಲಿಗೇ ಸರಿಹೋಗುತ್ತದೆ.

ಕೋಣೆ ಸೆಕೆ, ಕಿಟಕಿಗೆ ಹಬೆ, ಯಂತ್ರದ ಹಿಂದೆ ಬಿಳಿ ಜುಂಗು

ಗಾಳಿ ಹೊರಗೆ ಹೋಗುವ ಬದಲು ನಡುವೆ ಎಲ್ಲೋ ಸೋರುತ್ತಿದೆ. ಗ್ಯಾಸ್ ಡ್ರೈಯರ್ ಆದರೆ ಇಲ್ಲಿಗೇ ನಿಲ್ಲಿಸಿ, ಸರಿಯಾಗುವ ತನಕ ಹಾಕಬೇಡಿ. ಸೋರುತ್ತಿರುವುದು ಬರೀ ಹಬೆ ಅಲ್ಲ.

ಕರೆಂಟಿನದಾದರೆ ಜುಂಗೇ ನಿಮಗೆ ದಾರಿ ತೋರಿಸುತ್ತದೆ. ಎಲ್ಲಿ ಜಾಸ್ತಿ ಕೂತಿದೆಯೋ ಅಲ್ಲೇ ಸಂದು. ಹೆಚ್ಚಾಗಿ ಹೋಸ್‌ನ ಕ್ಲ್ಯಾಂಪ್ ಸಡಿಲವಾಗಿರುತ್ತದೆ. ಸ್ಕ್ರೂಡ್ರೈವರ್ ತಿರುಗಿಸಿದರೆ ಮುಗಿಯಿತು. ಕೀಲುಗಳಿಗೆ ಬಟ್ಟೆಯಂಥ ಬೂದು ಡಕ್ಟ್ ಟೇಪ್ ಸುತ್ತಿದ್ದರೆ ಅದು ಬಿಸಿಗೆ ಒಣಗಿ ಉದುರಿರುತ್ತದೆ. ಹೆಸರಿಗೆ ಡಕ್ಟ್ ಟೇಪ್, ಈ ಡಕ್ಟ್‌ಗೆ ಮಾತ್ರ ಲಾಯಕ್ಕಿಲ್ಲ. ಬೆಳ್ಳಿ ಬಣ್ಣದ ಲೋಹದ ಫಾಯಿಲ್ ಟೇಪ್ ಬಳಸಿ.

ಪೈಪು ಜೋಡಿಸಿದ ದಿಕ್ಕನ್ನೂ ನೋಡಿ. ಒಳಗೆ ಸೇರುವ ಚಿಕ್ಕ ತುದಿ ಯಾವಾಗಲೂ ಗಾಳಿ ಹೋಗುವ ಕಡೆಗೆ, ಅಂದರೆ ಹೊರಗಿನ ಮುಚ್ಚಳದ ಕಡೆಗೆ ಮುಖ ಮಾಡಿರಬೇಕು. ಉಲ್ಟಾ ಜೋಡಿಸಿದರೆ ಗಾಳಿಗೆ ಎದುರಾಗಿ ಒಂದು ಅಂಚು ನಿಲ್ಲುತ್ತದೆ, ಜುಂಗು ಅಲ್ಲೇ ಗೂಡು ಕಟ್ಟುತ್ತದೆ. ಉದ್ದನೆ ಸ್ಕ್ರೂ ಹೊಡೆದರೂ ಇದೇ ಕಥೆ. ಒಳಗೆ ಚಾಚಿದ ಪ್ರತಿ ಮೊನೆಯೂ ಒಂದು ಕೊಕ್ಕೆ. ಅನಿವಾರ್ಯ ಅಂದರೂ ಸ್ಕ್ರೂ ಒಳಗೆ 3 ಮಿಲಿಮೀಟರ್‌ಗಿಂತ ಜಾಸ್ತಿ ಇಣುಕಬಾರದು.

ಪೈಪಿನ ಕೊನೆ ಎಲ್ಲಿದೆ ಅಂತ ಕಣ್ಣಾರೆ ನೋಡದೇ ಇದ್ದರೆ ಈಗ ನೋಡಿ. ಗೋಡೆಯ ಹೊರಗೆ ಮುಚ್ಚಳವೇ ಕಾಣದಿದ್ದರೆ, ಯಾರೋ ಅದನ್ನು ಅಟ್ಟದೊಳಗೋ ನೆಲದಡಿಯ ಪೊಳ್ಳಿಗೋ ಬಿಟ್ಟಿರುತ್ತಾರೆ. ಅಲ್ಲಿ ಲೀಟರ್‌ಗಟ್ಟಲೆ ಹಬೆ, ಅದರ ಜೊತೆ ಒಣ ಜುಂಗಿನ ರಾಶಿ. ಮರ ಕೊಳೆಯುತ್ತದೆ, ಬೂಷ್ಟು ಬರುತ್ತದೆ, ಕಿಡಿ ಬಿದ್ದರೆ ಹತ್ತಿಕೊಳ್ಳುತ್ತದೆ. ಅದನ್ನು ಹೊರಗಿನ ಗೋಡೆಗೇ ತರಬೇಕು.

ಪೈಪಿನಲ್ಲಿ ನೀರು, ಗೋಡೆಯಲ್ಲಿ ತೇವದ ಕಲೆ

ಇಲ್ಲಿ ಎರಡು ಬೇರೆ ಬೇರೆ ಕಾಯಿಲೆ ಒಂದೇ ಲಕ್ಷಣ ತೋರಿಸುತ್ತವೆ. ಬಿಡಿಸಿಕೊಳ್ಳಲು ಉಪಕರಣ ಬೇಡ, ಕ್ಯಾಲೆಂಡರ್ ಸಾಕು. ಮಳೆ ಇಲ್ಲದ ದಿನ ಬಟ್ಟೆ ಒಣಗಿಸಿದ ಮೇಲೆ ಕಲೆ ದೊಡ್ಡದಾಯಿತೇ? ಹಾಗಾದರೆ ಹಬೆ ತಣ್ಣಗಾಗಿ ನೀರಾಗುತ್ತಿದೆ. ಡ್ರೈಯರ್ ಮುಟ್ಟದೇ ಇದ್ದರೂ ಮಳೆ ಬಂದ ಮರುದಿನ ಒದ್ದೆಯಾಯಿತೇ? ಹಾಗಾದರೆ ಮುಚ್ಚಳದ ಸುತ್ತ ಮಳೆನೀರು ನುಗ್ಗುತ್ತಿದೆ.

ಹಬೆಯದ್ದಾದರೆ ಮೊದಲು ಗಾಳಿಯ ವೇಗ ನೋಡಿ, ಯಾಕೆಂದರೆ ನಿಧಾನಕ್ಕೆ ಹೋಗುವ ಗಾಳಿ ದಾರಿಯಲ್ಲೇ ತಣ್ಣಗಾಗುತ್ತದೆ. ಕಟ್ಟಿದ ಪೈಪನ್ನು ತೊಳೆದರೆ ನೀರು ತಾನಾಗೇ ನಿಂತ ಉದಾಹರಣೆಗಳಿವೆ. ಆಮೇಲೆ ಇಳಿಜಾರು. ಪೈಪು ಹೊರಗಿನ ಕಡೆಗೆ ಸ್ವಲ್ಪ ಬಾಗಿರಬೇಕು, ಅಡಿಗೆ ಕಾಲು ಇಂಚಿನಷ್ಟು. 9 ಇಂಚಿನ ಗೋಡೆಯಲ್ಲಿ ಅದು ಸುಮಾರು 5 ಮಿಲಿಮೀಟರ್, ಕಣ್ಣಿಗೆ ಕಾಣುವುದೇ ಕಷ್ಟ, ಮಟ್ಟಗೋಲು ಇಡಿ. ಉದ್ದನೆ ಪೈಪಿಗೆ ನಡುವೆ ಆಧಾರ ಇಲ್ಲದಿದ್ದರೆ ಅದು ಜೋತುಬಿದ್ದು ಹೊಟ್ಟೆ ಬರುತ್ತದೆ, ಆ ಹೊಟ್ಟೆಯಲ್ಲಿ ನೀರು ನಿಂತು ಜುಂಗು ಗಂಜಿಯಾಗುತ್ತದೆ. ಪಟ್ಟಿ ಕಟ್ಟಿ ಎತ್ತಿ. ಚಳಿ ಇರುವ ಜಾಗದಲ್ಲಿ ಪೈಪು ಹಾದುಹೋದರೆ ಹೊರಗಿನಿಂದ ಇನ್ಸುಲೇಷನ್ ಹೊದಿಸಿ.

ಮಳೆಯದ್ದಾದರೆ ಮುಚ್ಚಳದ ಪಟ್ಟಿಯ ಮೇಲ್ಭಾಗ ಮತ್ತು ಎರಡೂ ಪಕ್ಕಕ್ಕೆ ಹೊರಾಂಗಣದ ಸಿಲಿಕೋನ್ ಹಚ್ಚಿ. ಕೆಳಗಿನ ಅಂಚನ್ನು ಹಾಗೇ ಬಿಡಿ. ಹೇಗೋ ಒಳಗೆ ಹೋದ ನೀರಿಗೆ ಹೊರಗೆ ಬರಲು ದಾರಿ ಬೇಕಲ್ಲ. ಹಳೆಯ ಸಿಲಿಕೋನ್ ಮೇಲೆ ಹೊಸದು ಬಳಿದರೆ ಹಿಡಿಯುವುದಿಲ್ಲ, ಕೆರೆದು ತೆಗೆಯಿರಿ. ಪೈಪಿಗೂ ಗೋಡೆಗೂ ನಡುವೆ ಸಂದು ಬಿಟ್ಟಿದ್ದರೆ ಅದನ್ನೂ ತುಂಬಬೇಕು. ಗಾರೆ ಉಬ್ಬಿ ಒಡೆಯುತ್ತಿದ್ದರೆ, ಮರದ ಚೌಕಟ್ಟು ಬೆರಳಿಗೆ ಮೆತ್ತಗಾದರೆ, ಬರೀ ಸಿಲಿಕೋನ್ ಸಾಲದು. ಕಟ್ಟಡ ಕೆಲಸದವರಿಗೆ ತೋರಿಸಿ.

ಹೊರಗಿನಿಂದ ತಣ್ಣನೆ ಗಾಳಿ, ಹುಳ, ಫಟಫಟ ಸದ್ದು

ಫ್ಲ್ಯಾಪ್ ಮುಚ್ಚಿಕೊಳ್ಳುತ್ತಿಲ್ಲ. ಕಸ ತೆಗೆದು ಕೀಲು ಒರೆಸಿ. ಎಣ್ಣೆ ಹಚ್ಚಬೇಡಿ, ಎಣ್ಣೆಗೆ ಜುಂಗು ಅಂಟುತ್ತದೆ. ಪ್ಲಾಸ್ಟಿಕ್ ಫ್ಲ್ಯಾಪ್ ಬಿಸಿಲಿಗೆ ಸೊಟ್ಟಗಾಗಿದ್ದರೆ ಮುಚ್ಚಳವನ್ನೇ ಬದಲಿಸಿ. ರಾತ್ರಿ ಗಾಳಿಗೆ ಬಡಿದುಕೊಳ್ಳುವ ಸದ್ದಿಗೆ ಅಗಲದ ಒಂದೇ ಲೋಹದ ಫ್ಲ್ಯಾಪ್ ಇರುವ ಮಾದರಿ ಒಳ್ಳೆಯದು.

ಸುಟ್ಟ ವಾಸನೆ

ವಾಸನೆ ಹೋಯಿತು ಅಂತ ಮತ್ತೆ ಹಾಕಿ ನೋಡುವ ಆಸೆ ಬರುತ್ತದೆ. ಬೇಡ. ಪ್ಲಗ್ ತೆಗೆದು, ತಣ್ಣಗಾದ ಮೇಲೆ ಫಿಲ್ಟರಿನ ಗೂಡು, ಹೋಸ್, ಪೈಪು ನೋಡಿ. ಜುಂಗು ಕಂದು ಬಣ್ಣಕ್ಕೆ ತಿರುಗಿದ್ದರೆ ಅದು ಆಗಲೇ ಬೆಂದಿದೆ. ಯಂತ್ರದ ಒಳಗೆ, ಹೀಟರ್ ಸುತ್ತ ಕೂತ ಜುಂಗು ಹೊರಗಿನಿಂದ ಸಿಗುವುದಿಲ್ಲ. ಅದಕ್ಕೆ ಮೆಕ್ಯಾನಿಕ್ ಬರಬೇಕು. ಅಮೆರಿಕದ ಅಗ್ನಿಶಾಮಕ ಆಡಳಿತದ ಅಂದಾಜಿನ ಪ್ರಕಾರ 2008ರಿಂದ 2010ರ ನಡುವೆ ಅಲ್ಲಿನ ಮನೆಗಳಲ್ಲಿ ವರ್ಷಕ್ಕೆ ಸುಮಾರು 2,900 ಡ್ರೈಯರ್ ಬೆಂಕಿಗಳಾದವು. ಅವುಗಳ ಮೊದಲ ಕಾರಣ ಯಂತ್ರದ ದೋಷವಲ್ಲ, ತೊಳೆಯದೇ ಬಿಟ್ಟದ್ದು. ಶೇಕಡಾ 34ರಷ್ಟು ಹಾಗೆ ಆದವು.

ಪೈಪು ಚೊಕ್ಕಟವಾಗಿದ್ದೂ ವಾಸನೆ ಬಂದರೆ ಬಟ್ಟೆಯನ್ನು ನೆನಪು ಮಾಡಿಕೊಳ್ಳಿ. ಅಡುಗೆ ಎಣ್ಣೆ, ಪೇಂಟ್, ಥಿನ್ನರ್ ಒರೆಸಿದ ಬಟ್ಟೆ ಒಗೆದ ಮೇಲೂ ಡ್ರೈಯರ್‌ನಲ್ಲಿ ಹೊತ್ತಿಕೊಳ್ಳಬಲ್ಲದು. ಅವನ್ನು ಹೊರಗೆ ತಂತಿಗೆ ಹಾಕಿ.

ತೂತೇ ತಪ್ಪು ಜಾಗದಲ್ಲಿದ್ದರೆ

ಎಲ್ಲ ಮಾಡಿದರೂ ಹಟ ಬಿಡದಿದ್ದರೆ ದಾರಿಯನ್ನೇ ಬದಲಿಸಬೇಕಾಗುತ್ತದೆ. ಇದು ಕೊನೆಯ, ದುಬಾರಿ ಕೆಲಸ. ಯಂತ್ರದ ಬೆನ್ನಿನಿಂದ ನೇರ ಹೊರಗೆ ಹೋಗುವ ಜಾಗವೇ ಎಲ್ಲಕ್ಕಿಂತ ಒಳ್ಳೆಯದು. ಹೊರಗಿನ ಮುಚ್ಚಳ ಕಿಟಕಿ, ಬಾಗಿಲು, ಗಾಳಿಕಿಂಡಿಗಳಿಂದ ಕನಿಷ್ಠ 3 ಅಡಿ ದೂರ, ನೆಲದಿಂದ 1 ಅಡಿ ಮೇಲೆ ಇರಲಿ. ಗಿಡ ಬೆಳೆದು ಬಾಯಿ ಮುಚ್ಚಬಾರದು.

4 ಇಂಚಿನ ಪೈಪಿಗೆ ಅದಕ್ಕಿಂತ ಕಾಲು ಇಂಚು ದೊಡ್ಡ ತೂತು ಬೇಕು. ಮೊದಲು ಒಳಗಿನಿಂದ ಉದ್ದನೆ ಸಣ್ಣ ಬಿಟ್‌ನಲ್ಲಿ ಆಚೆಯವರೆಗೂ ಕೊರೆದು, ಹೊರಗೆ ಹೋಗಿ ಅದು ಎಲ್ಲಿ ಬಂತು ನೋಡಿ. ಈ ಹಂತದಲ್ಲಿ ತಪ್ಪು ಕಂಡರೆ ಬೆರಳಷ್ಟು ಸಿಮೆಂಟಿನಲ್ಲಿ ಮುಚ್ಚಬಹುದು. ಆಮೇಲೆ ಎರಡೂ ಕಡೆಯಿಂದ ಅರ್ಧರ್ಧ ದೊಡ್ಡ ತೂತು ಕೊರೆದರೆ ಗಾರೆ ಕಿತ್ತು ಬರುವುದಿಲ್ಲ. ಇಟ್ಟಿಗೆಗೂ ಕಾಂಕ್ರೀಟಿಗೂ ದುಂಡಗೆ ಕೊರೆಯುವ ಟೊಳ್ಳು ಬಿಟ್, ಅಂದರೆ ಕೋರ್ ಬಿಟ್ ಬೇಕು, ಬಾಡಿಗೆಗೆ ತರುವುದೇ ಜಾಣತನ. ಒಳಗೆ ವೈರು, ನೀರಿನ ಕೊಳವೆ ಇದೆಯಾ ಅಂತ ಡಿಟೆಕ್ಟರ್ ಹಿಡಿದು ನೋಡದೆ ಶುರು ಮಾಡಬೇಡಿ. ಕಬ್ಬಿಣದ ಸರಳು, ಕಂಬ, ತೊಲೆ ಸಿಕ್ಕರೆ ಕತ್ತರಿಸಲೇಬೇಡಿ, ಎಂಜಿನಿಯರ್ ಕೇಳಿ. ಹಳೆಯ ಕಲ್ನಾರು ಶೀಟಿನ ಗೋಡೆ ಅಂತ ಅನುಮಾನ ಬಂದರೂ ಡ್ರಿಲ್ ಕೆಳಗಿಡಿ. ಆ ಧೂಳು ಶ್ವಾಸಕೋಶಕ್ಕೆ ಹೋಗಬಾರದು.

ಹಳೆಯ ತೂತನ್ನು ಎರಡೂ ಕಡೆಯಿಂದ ಪೂರ್ತಿ ಮುಚ್ಚಿ. ಹೊಸ ಪೈಪಿನಲ್ಲಿ ಮೊದಲ ಸಲ ಬಟ್ಟೆ ಹಾಕಿದಾಗ ಎಷ್ಟು ನಿಮಿಷ ಆಯಿತು ಅಂತ ಒಂದು ಚೀಟಿಯಲ್ಲಿ ಬರೆದು ಯಂತ್ರದ ಪಕ್ಕಕ್ಕೆ ಅಂಟಿಸಿ. ನನ್ನದರಲ್ಲಿ 45 ಅಂತ ಇದೆ. ಅದೇ ಅಳತೆಯ ಬಟ್ಟೆಗೆ 60 ದಾಟಿದರೆ ನಾನು ಮೊದಲು ಹೋಗುವುದು ಹೊರಗಿನ ಮುಚ್ಚಳದ ಹತ್ತಿರ.